ಹನ್ನೊಂದರಲ್ಲಿ ಒಂದು

ದಾಖಲೆಯಲ್ಲಿ ನಾವು ಒಂದೇ ಸಾಲು.
ಹದಿನೇಳರೊಳಗಿನ ಹುಡುಗಿಯರು, ಅರ್ಹತಾ ಸುತ್ತು:
ಆಡಿದ್ದು ಮೂರು, ಗೆದ್ದದ್ದು ಸೊನ್ನೆ,
ಸಮ ಒಂದು, ಸೋತದ್ದು ಎರಡು,
ಹೊಡೆದದ್ದು ಎರಡು, ಹೊಡೆಸಿಕೊಂಡದ್ದು ಹನ್ನೊಂದು.

ಮಿಜೋರಾಮಿನ ರಿನಿಯವು ಹತ್ತು.
ಮಿಕ್ಕದ್ದು ನನ್ನದು.

ಶ್ರೀನಿವಾಸಪುರದ ಮಂಡಿ, ಜೂನಿನ ನಡುರಾತ್ರಿ.
ಟೆಂಪೋ ಮೇಲಿಂದ ಹುಡುಗ ಎರಡೆರಡೇ ಎಸೆಯುತ್ತಾನೆ
ಬೇನಿಶಾ, ಬಾದಾಮಿ, ಮೂತಿ ಚೂಪಿನ ತೋತಾಪುರಿ.
ಹಿಡಿಯುತ್ತೇನೆ, ಬಗ್ಗಿ ಹುಲ್ಲಿನ ಮೇಲೆ ಮಲಗಿಸುತ್ತೇನೆ.
ನೆಲ ಮುಟ್ಟಿದ ಕಾಯಿಗೆ ಅರ್ಧ ರೇಟು,
ಉಳಿದರ್ಧ ನನ್ನ ಕೂಲಿಯಲ್ಲಿ ಕಡಿತ.
ಐದು ಸೀಸನ್ನಾಯಿತು, ಕಡಿತವಿಲ್ಲ.

ಕಲಿತದ್ದೂ ಹೀಗೇ, ರಾಯಲ್ಪಾಡಿನ ಗುತ್ತಿಗೆ ತೋಟದಲ್ಲಿ.
ಅಮ್ಮ ಕೊಂಬೆಯ ಮೇಲೆ, ಕೆಳಗೆ ನಾನು ಲಂಗ ಹರಡಿ;
ಲಂಗ ಹರಿದ ವರ್ಷ ಬರಿಗೈ.
ಸೈಕಲ್ಲು ಪಂಕ್ಚರಾಗಿ ನೆರಳಿಗೆ ನಿಂತಿದ್ದ
ಡ್ರಿಲ್ ಮೇಷ್ಟ್ರು ವೆಂಕಟರವಣಪ್ಪ ಎಣಿಸಿದರಂತೆ:
ಅರವತ್ತು ಕಾಯಿ, ಒಂದೂ ಬೀಳಲಿಲ್ಲ.
ಸಂಜೆ ಮನೆಗೆ ಬಂದು ಅಜ್ಜಿಗೆ ವಿವರಿಸಿದರು
ಕಾಲಲ್ಲಿ ಆಡುವ ಆಟ, ಕೈ ಬಳಸುವವಳು ಒಬ್ಬಳೇ,
ಹಿಂದೆ ಬಲೆ, ಮುಂದೆ ಇವಳು.
ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೇಳಿದಳು:
‘ಅಂದ್ರೆ ಬಾಗಿಲು ಕಾಯೋಳು. ಸಂಬಳ ಎಷ್ಟು?’

ಪರದೇಶದ ಆ ಊರಿನ ಹೆಸರು
ಇವತ್ತಿಗೂ ನನ್ನ ನಾಲಿಗೆಗೆ ಬರುವುದಿಲ್ಲ.
ಚಳಿಗೆ ಹುಲ್ಲು ಹಪ್ಪಳದ ಹಾಗೆ ಮುರಿಯುತ್ತಿತ್ತು.
ಮೊದಲ ದಿನ ರಾಷ್ಟ್ರಗೀತೆ ನಡುವೆಯೇ ಸ್ಪೀಕರು ಸತ್ತಿತು.
ನಾವೇ ಹಾಡಿ ಮುಗಿಸಿದೆವು,
ಬೆಂಚಿನವರು ಎಲ್ಲರಿಗಿಂತ ಜೋರಾಗಿ.
ನಮ್ಮ ಪಾಲಿಗೆ ಆಟ ಅಷ್ಟೇ ಇತ್ತು.

ಮೂರನೇ ಮ್ಯಾಚು, ಎಂಬತ್ತಮೂರನೇ ನಿಮಿಷ.
ರಿನಿಯ ಭುಜ ಕೀಲು ತಪ್ಪಿತು.
ಕೋಚ್ ನನ್ನ ಮುಖ ನೋಡಲಿಲ್ಲ, ಕೈ ಮಾಡಿದರು.
ನನ್ನ ಗ್ಲೌಸಿನ ಹೊಲಿಗೆ ಬಿಟ್ಟಿತ್ತು;
ರಿನಿ ಹಲ್ಲು ಕಚ್ಚಿ ತನ್ನವನ್ನೇ ಬಿಚ್ಚಿ ಕೊಟ್ಟಳು.
ಒಳಗೆ ಇನ್ನೂ ಬಿಸಿ. ಇನ್ನೂ ಒದ್ದೆ.

ಅವರ ಏಳನೇ ನಂಬರಿನ ಹುಡುಗಿ ಎಡಗಾಲು ಬೀಸಿದಳು.
ನಿಜ ಹೇಳಲಾ, ನನಗೆ ಚೆಂಡು ಕಾಣಲಿಲ್ಲ,
ತೊಟ್ಟು ಕಾಣಿಸಿತು.
ಕೊಂಬೆ ಬಿಡುವ ಮೊದಲೇ ಕಾಯಿ ಎಲ್ಲಿ ಬೀಳುತ್ತದೆಂದು
ಗೊತ್ತಾಗುತ್ತದಲ್ಲ, ಹಾಗೆ.
ಹಾರಿದೆ. ಕಿರುಬೆರಳಿಗೆ ಸೋಕಿ, ಕಂಬಕ್ಕೆ ಬಡಿದು, ಆಚೆ.
ಬೆರಳೊಳಗೆ ಒಣಕಡ್ಡಿ ಮುರಿದ ಸದ್ದು.
ಭುಜಕ್ಕೆ ಐಸು ಕಟ್ಟಿಕೊಂಡಿದ್ದ ರಿನಿ
ಒಂದೇ ಕೈಯಲ್ಲಿ ತೊಡೆ ತಟ್ಟಿ ಕೂಗಿದಳು, ಅವಳ ಭಾಷೆಯಲ್ಲಿ.
ಏನಂದಳೋ. ಕೇಳಬೇಕೆಂದುಕೊಂಡೆ, ಮರೆತೆ.

ಅದರ ಹಿಂದೆಯೇ ಬಂದ ಕಾರ್ನರಿನಲ್ಲಿ
ಒಂದು ಒಳಗೆ ಹೋಯಿತು.
ದಾಖಲೆಯಲ್ಲಿರುವುದು ಅದು.

ಮೊನ್ನೆ ಗುಮಾಸ್ತ ಜಬೀವುಲ್ಲಾ ಮೊಬೈಲಿನಲ್ಲಿ
ಆ ಸಾಲನ್ನು ಹುಡುಕಿ ಹಿಡಿದ: ‘ಇದರಲ್ಲಿ ನೀನೆಲ್ಲಿ?’
ಹೊಡೆದದ್ದಕ್ಕೆ ಮನೆಯಿದೆ, ಹೊಡೆಸಿಕೊಂಡದ್ದಕ್ಕೆ ಇದೆ.
ತಡೆದದ್ದಕ್ಕೆ, ಅವನೂ ನಾನೂ ಪರದೆ ಎಳೆದೆಳೆದು ನೋಡಿದೆವು.
ಆಮೇಲೆ ತನ್ನ ಪುಸ್ತಕ ತಿರುವಿದ:
ಬಂದದ್ದು, ಹೋದದ್ದು, ಕೊಳೆತದ್ದು.
‘ಇದರಲ್ಲೂ ಇಲ್ಲವಲ್ಲಮ್ಮ’ ಅಂದು ಟೀ ತರಿಸಿದ.

ತಂಗಿಯ ಮದುವೆಗೆ ಬಳೆ ತೊಡಿಸಲು ಬಂದವಳು
ನನ್ನ ಕೈ ಮಡಚಿ, ಒತ್ತಿ, ಕಿರುಬೆರಳಿನ ಹತ್ತಿರ ನಿಂತಳು.
ಒಂದು ಹಸಿರು ಬಳೆ ಚೂರಾಯಿತು.
‘ಇದೇನೇ ಇಷ್ಟು ಸೊಟ್ಟ? ಬಾಗಿಲಿಗೆ ಸಿಕ್ಕಿತ್ತಾ?’

ಹೂಂ ಅಂದೆ. ಬಾಗಿಲೇ.
ಇನ್ನೊಂದು ಡಜನ್ ತೆಗೆ,
ಸ್ವಲ್ಪ ಅಗಲದ್ದು.