ಉಪ್ಪಿನ ಗದ್ದೆ, ಮೂರಡಿ ನಾಲ್ಕಡಿ

ಗಣಪತಿ ಹಬ್ಬಕ್ಕೆ ಮುಂಚೆ ತೆಗೆದುಕೊಂಡ ಮುಂಗಡ
ದೀಪಾವಳಿಗೆ ಮುಗಿಯಿತು. ಚಿತ್ರ ಮುಗಿಯಲಿಲ್ಲ.

ವಾಸ್ಕೋದ ಬಾಯ್ನಾದಲ್ಲಿ, ಮೀನಿಗೆ ಐಸು ಮಾರುವ ಅಂಗಡಿಯ ಮೇಲೆ
ನನ್ನ ಕೋಣೆ. ಶಿಕ್ಷೆಗೆ ನಿಲ್ಲಿಸಿದ ಹುಡುಗನಂತೆ
ಗೋಡೆಗೆ ಮುಖ ಮಾಡಿ ನಿಂತಿದೆ ಕ್ಯಾನ್ವಾಸು.
ತಪ್ಪು ಯಾರದೆಂದು ಅದಕ್ಕೂ ಗೊತ್ತು.

ಹಲ್ಲಿನ ಡಾಕ್ಟರು ಕ್ವಿಟೇರಿಯಾ ಕೇಳಿದ್ದು ಇಷ್ಟೇ:
ಅಗರವಾಡೋದ ಉಪ್ಪಿನ ಗದ್ದೆ, ಮಾರ್ಚ್ ತಿಂಗಳು, ಸಂಜೆ ಐದು.
'ಅಪ್ಪ ಅಲ್ಲಿ ಬದು ಕಟ್ಟುತ್ತಿದ್ದರು. ಅವರನ್ನು ಬರೆಯಬೇಡಿ.
ಬೆಳಕು ಬರೆಯಿರಿ.'

ಆಮೇಲೆ ನಾನು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ.
ಕುಂಚ ತೊಳೆದೆ, ತೊಳೆದದ್ದನ್ನೇ ತೊಳೆದೆ,
ಅಗಸೆ ಎಣ್ಣೆ ಸೋಸಿದೆ,
ಪಕ್ಕದ ಮೌಲಾಬಿಯ ಮಿಕ್ಸರ್ ರಿಪೇರಿ ಮಾಡಿದೆ
(ಈಗಲೂ ಸುಟ್ಟ ವಾಸನೆ ಬರುತ್ತದಂತೆ),
ಜೆಟ್ಟಿಗೆ ಹೋಗಿ ಟ್ರಾಲರುಗಳಿಗೆ ಹೆಸರು ಬರೆದೆ,
ಒಂದೇ ದಿನದ ಕೆಲಸ, ಅಲ್ಲೇ ಕಾಸು.
ಡಾಕ್ಟರು ಫೋನು ಮಾಡಿದರೆ, 'ಎಣ್ಣೆಬಣ್ಣ, ಮೇಡಂ,
ಮಳೆಗಾಲದಲ್ಲಿ ಒಣಗೋದಿಲ್ಲ.'
ಜನವರಿಯಲ್ಲೂ ಅದನ್ನೇ ಹೇಳಿದೆ.

ಗದಗಿನಲ್ಲಿ, ಎಂಟನೇ ವಯಸ್ಸಿಗೆ, ನನ್ನ ಮೊದಲ ಸಂಪಾದನೆ:
ಓಣಿಯ ಇಪ್ಪತ್ತೆರಡು ಬಾಗಿಲಿಗೆ ಕೆಮ್ಮಣ್ಣಲ್ಲಿ 'ನಾಳೆ ಬಾ'.
ರಾತ್ರಿ ಬಂದ ದೆವ್ವ ಓದಿಕೊಂಡು ಹಿಂತಿರುಗಬೇಕು,
ಮರುದಿನ ಬಂದು ಮತ್ತೆ ಓದಬೇಕು. ಬಾಗಿಲಿಗೆ ನಾಲ್ಕಾಣೆ.
ಅಷ್ಟು ದುಂಡನೆಯ ಅಕ್ಷರ ಮತ್ತೆಂದೂ ಬರಲಿಲ್ಲ ಕೈಗೆ.
ಈಗ ನೋಡಿದರೆ ದೆವ್ವ ಒಳಗಿದೆ, ನನ್ನ ಕುರ್ಚಿಯಲ್ಲಿ.
ದಿನಾ ಸಂಜೆ ಐದಕ್ಕೆ ಬಂದು
ಬಾಗಿಲು ಓದಿ ಹೋಗುತ್ತಿರುವುದು ಬೆಳಕು.

ಮಾರ್ಚ್ ಬಂದೇ ಬಂತು. ಕದಂಬ ಬಸ್ಸು ಹತ್ತಿದೆ.
ಗದ್ದೆಯಲ್ಲಿ ಯಾರೂ ಏನೂ ಮಾಡುತ್ತಿಲ್ಲ.
ನೀರು ಸುಮ್ಮನೆ ನಿಂತಿದೆ, ಆಳುಗಳು ಬದುವಿನ ಮೇಲೆ, ಬೀಡಿ.
ಜೀವಕ್ಕೆ ಹಾಯೆನಿಸಿತು: ಉಪ್ಪೂ ನನ್ನ ಜಾತಿಯದೇ!
ಸಾಣಿಕಟ್ಟೆಯಿಂದ ಬಂದ ಬೊಮ್ಮು ಗೌಡನಿಗೆ ಅಂದೆ,
'ಕಾಯುವುದೇ ಕೆಲಸ, ಅಲ್ವಾ?'
ಅವನು ನಗಲಿಲ್ಲ. 'ಕಾಯೂದು ನೀರಿನ ಕೆಲ್ಸ.
ಕೆನೆ ಕಟ್ಟಿದ ದಿವ್ಸ ನಾ ಎಳೀದೇ ಇದ್ರೆ
ಒಂದು ಮಳೆ ಸಾಕು, ಮತ್ತೆ ಸಮುದ್ರ.'
ಬೀಡಿ ಆರಿಸಿ, ಗೋರೆ ಹಿಡಿದು ಇಳಿದ.

ಉಳಿದಿದ್ದು ಎಷ್ಟು? ಒಂದು ಗೇಣು ಆಕಾಶ,
ಅದರ ಬೆಳಕು ಬೀಳಬೇಕಾದ ಬದು.
ರಾತ್ರಿ ಕ್ಯಾನ್ವಾಸು ತಿರುಗಿಸಿದೆ.
ಟ್ಯೂಬ್‌ಲೈಟಿನಡಿ ಸಂಜೆ ಬರೆಯಬಾರದು,
ನನ್ನದೇ ನಿಯಮ. ಇರಲಿ.
ಬಿಳಿಗೆ ಚೂರು ಹಳದಿ, ಹಳದಿಗೆ ಚೂರು ಬೂದಿ,
ಬೂದಿ ಜಾಸ್ತಿಯಾಯಿತು, ಚಾಕುವಿನಿಂದ ಕೆರೆದೆ, ಮತ್ತೆ ಹಚ್ಚಿದೆ.
ಕೆಳಗೆ ಐಸು ಒಡೆಯುವ ಸದ್ದಿಗೆ ನಾಲ್ಕು ಗಂಟೆ.
ಸಹಿ ಹಾಕಿದೆ. ಕೈ ನಡುಗಿತು, ಹಾಗೇ ಬಿಟ್ಟೆ.

ಡಾಕ್ಟರು ಬಂದರು. ಬಹಳ ಹೊತ್ತು ನೋಡಿದರು.
'ಇಲ್ಲಿ ನಿಂತಿರುತ್ತಿದ್ದರು' ಎಂದು ತೋರಿಸಲು ಹೋಗಿ
ಖಾಲಿ ಬದುವಿಗೆ ಬೆರಳು ತಾಗಿಸಿಯೇ ಬಿಟ್ಟರು.
ಹಸಿ ಬಣ್ಣ. ಉಗುರಿನುದ್ದದ ಒಂದು ಕಲೆ,
ದೂರದಿಂದ ಮನುಷ್ಯ ಕಂಡಷ್ಟು.
'ಅಯ್ಯೋ, ಸರಿ ಮಾಡಿಬಿಡಿ. ನಾಳೆ ಬರಲೇ?'

'ಬೇಡ,' ಎಂದೆ. 'ಇವತ್ತೇ ಒಯ್ಯಿರಿ.
ಅಂಚು ಹಿಡಿದುಕೊಳ್ಳಿ.'