ಕೊಣಮಿಗಿ

ಬನಹಟ್ಟಿಯ ನಮ್ಮ ಮನಿ ಎರಡಾದ ದಿನ
ಹಿರಿಯರು ತೊಲಿ ಎಣಿಸಿದರು, ಹಂಡೇವು ತೂಗಿದರು.
ಮಗ್ಗ ಆರು, ಮೂರು ಅತ್ತ, ಮೂರು ಇತ್ತ.
ಒಳ್ಳು ಕಾಕಾನ ಪಾಲಿಗೆ, ಒನಕಿ ಅಪ್ಪನ ಪಾಲಿಗೆ ಬಂದು
ಅವತ್ತಿನಿಂದ ಎರಡಕ್ಕೂ ಕೆಲಸ ಇಲ್ಲ.
ನೆಲುವಿನ ಗಡಿಗಿ ಏಳು.
ಏಳನೇದನ್ನ ಅಂಗಳಕ್ಕ ಒಗೆದು
ಲೆಕ್ಕ ಸಮ ಮಾಡಿದ ಕಾಕಾ ಮಲಕಾಜಪ್ಪ.

ಉಳಿದದ್ದು ಕೊಣಮಿಗಿ.
ಆಯಿಯ ಮದವಿಗೆ ಬಡಿಗ್ಯಾರ ಮೋನಪ್ಪ
ಬೇವಿನ ಕೊರಡು ಕೆತ್ತಿ ಮಾಡಿದ್ದು.
ಬೇವಿಂದಾದರೂ ಅದರಾಗ ನಾದಿದ ರೊಟ್ಟಿ
ಕಹಿ ಅಂತ ಯಾರೂ ಅಂದದ್ದು ಕೇಳಿಲ್ಲ.
ಐವತ್ತು ವರ್ಷ ಮುಷ್ಟಿ ಬಿದ್ದು ಬಿದ್ದು
ನಡುವ ಅಂಗೈಯಷ್ಟು ತಗ್ಗು,
ಸುರುವಿದ ಎಸರು ತಾನಾಗೇ ಅಲ್ಲಿ ಬಂದು ನಿಲ್ಲತಿತ್ತು.

'ಕೊಯ್ದು ಎರಡು ಮಾಡೂಣು' ಅಂದರು ಒಬ್ಬ ಹಿರಿಯರು.
ಆಯಿ ಅದನ್ನ ಎತ್ತಿ ತೊಡಿಮ್ಯಾಲ ಇಟ್ಟುಕೊಂಡು ಕುಂತಳು,
ಎಲಿಗೆ ಸುಣ್ಣ ಹಚ್ಚಿದಳು, ಅಡಕಿ ಕತ್ತರಿಸಿದಳು.
ಹಿರಿಯರು ಚಾ ಕುಡಿದು ಎದ್ದರು.

ಹಿತ್ತಲದಾಗ ಎದಿಮಟ ಗೋಡಿ ಬಂತು.
ಕೊಣಮಿಗಿ ನಸುಕಿನಾಗ ನಮ್ಮದು,
ಹೊತ್ತೇರಿದ ಮ್ಯಾಲ ಅವರದು.
ಅವ್ವ ತೊಳೆದು ಗೋಡಿ ಮ್ಯಾಲ ಇಟ್ಟು
ಎರಡು ಸಲ ಕುಟ್ಟಿದರ, ಆ ಕಡಿಂದ ಬಳಿ ತುಂಬಿದ ಕೈ
ಮುಖ ಇಲ್ಲದ ಕೈ, ಬಂದು ಒಯ್ಯತಿತ್ತು.
ಮಾತಿಲ್ಲ.
ಆದರ ಯಾರೂ ಅದನ್ನ ಬರಿದು ಕಳಿಸಲಿಲ್ಲ.
ಕೊಟ್ಟ ಪಾತ್ರೆ ಬರಿದು ಹೋಗಬಾರದು ಅನ್ನೂದು
ಜಗಳಕ್ಕಿಂತ ಹಳೇ ಮಾತು.
ಒಂದು ಹಿಡಿ ಮೆಂತೆ ಸೊಪ್ಪು. ನಾಕು ಉಳ್ಳಾಗಡ್ಡಿ.
ಪಂಚಮಿಗೆ ಎರಡು ತಂಬಿಟ್ಟು.
ಸಿಟ್ಟು ಜಾಸ್ತಿ ಇದ್ದ ದಿನ ಒಂದ ಒಂದು ಹಸಿಮೆಣಸಿನಕಾಯಿ.
ಅವ್ವ ಅದನ್ನ ನೋಡಿ, 'ಓಹೋ' ಅಂದು,
ಮರುದಿನ ಎರಡು ಇಡತಿದ್ದಳು.

ಆಯಿಗೆ ಕಣ್ಣು ಮಂಜು. ಕಿವಿ ಚುರುಕು.
ನಿಂಬೆವ್ವ ಚಿಗವ್ವನ ಕೈ ಸಣ್ಣದು, ಪಟಪಟ ಪಟಪಟ.
ಅವ್ವಂದು ಧಪ್, ಧಪ್.
ಎರಡೂ ಮನಿ ರೊಟ್ಟಿ ಅಕಿ ಎಣಿಸತಿದ್ದಳು,
ಮಗ್ಗದ ಸಪ್ಪಳದ ನಡುವ ತಪ್ಪದನ.

ಶ್ರಾವಣದ ಒಂದು ಮಂಗಳವಾರ
ಕೊಣಮಿಗಿ ತೊಳೀದನ ಬಂತು.
ಅಂಚಿಗೆ ಹಿಂದಿನ ದಿನದ ಹಿಟ್ಟು ಬಿರುಕು ಬಿಟ್ಟಿತ್ತು,
ಅದರಾಗ ನಾಕು ಬೆರಳಿನ ಗುರುತು. ಬ್ಯಾರೆ ಏನೂ ಇಲ್ಲ.
'ಇಷ್ಟು ಸೊಕ್ಕೇನ!' ಅಂದು ಅವ್ವ ಬೈಯಾಕ ಹತ್ತಿದಳು,
ಉಗುರಿನಿಂದ ಕೆರೆಯುತ್ತ ಕೆರೆಯುತ್ತ ಸಣ್ಣಗಾದಳು.
'ಅತ್ತೀ, ನಿನ್ನೆ ಆ ಕಡೆ ಸಪ್ಪಳ ಕೇಳಿತೇನು?'
'ಎರಡು ಕೇಳಿತು' ಅಂದಳು ಆಯಿ.
'ಮೂರನೇದು ಕೇಳಲಿಲ್ಲ.'

ಹನ್ನೊಂದು ತಿಂಗಳಿಗೆ ಅವ್ವ
ಸೆರಗು ಹೊತ್ತು, ಓಣಿ ಸುತ್ತಿ, ಮುಂಬಾಗಿಲಿಂದ
ಮೈದುನನ ಮನಿ ಹೊಕ್ಕಳು, ಬೀಗರ ಮನಿಗೆ ಹೋದಂಗ.
ಚಿಗವ್ವ ಎರಡು ಕೌದಿಯೊಳಗ ಜ್ವರದಿಂದ ನಡಗತಿದ್ದಳಂತ.
ಏನು ಮಾತಾಡಿದರೋ, ಆಡಿದರೋ ಇಲ್ಲೋ, ಗೊತ್ತಿಲ್ಲ.
ಒಂದು ವಾರ ಗೋಡಿ ಆಚೆ ಧಪ್ ಧಪ್ ಕೇಳಿತು.
ಆಯಿ ಈ ಕಡೆ ಕುಂತು ಗೊಣಗಿದಳು:
'ಹದಿನೆಂಟಾದವು. ಹುಚ್ಚಿ, ತಿನ್ನೋರು ನಾಕ ಮಂದಿ ಅದಾರ.'

ಮಾತು ಬಂತು. ಗೋಡಿ ಹೋಗಲಿಲ್ಲ,
ಒಡೀರಿ ಅಂತ ಯಾರೂ ಅನ್ನಲೂ ಇಲ್ಲ.
ಅದರ ಮ್ಯಾಲ ಹಪ್ಪಳ ಚೊಲೋ ಒಣಗತಾವ.

ಕೊಣಮಿಗಿ ಈಗ ಒಂದು ಕಡೆ ಸೀಳಿ,
ಎಣ್ಣಿ ಡಬ್ಬಿಯ ತಗಡು ಬಡಿಸಿಕೊಂಡೈತಿ.
ವಿಜಯಪುರದ ನನ್ನ ಅಡಗಿಮನ್ಯಾಗ ಸ್ಟೀಲಿನ ಪರಾತ.
ನಾದಿದರ ಕಟ್ಟಿ ತುಂಬ ಜಾರತೈತಿ,
ಮುಷ್ಟಿಗೆ ಜಾಗ ಕೊಡೂದಿಲ್ಲ,
ಕೈ ಜಾರಿ ಬಿದ್ದರ ಇಡೀ ಓಣಿಗೆ ಡಂಗುರ.

ಹೋದ ದೀಪಾವಳಿಗೆ ಕೇಳೇಬಿಟ್ಟೆ: 'ಅದನ್ನ ನನಗ ಕೊಡ್ರಿ.'
ಅವ್ವ ಸೌಟು ತಿರುವುತ್ತ ಅಂದಳು,
'ಅದು ನಿಮ್ಮ ಚಿಗವ್ವನ ಕಡೆ ಐತಿ, ಅಕಿನ್ನ ಕೇಳು.'
ಹಿತ್ತಲಕ್ಕ ಹೋಗಿ ಗೋಡಿ ಮ್ಯಾಲಿಂದ ಕೂಗಿದೆ.
'ನನ್ನ ಕಡೆ ಎಲ್ಲೈತಿ' ಅಂದಳು ಚಿಗವ್ವ,
'ನಿಮ್ಮವ್ವನ ಕಡೆ ಐತಿ.'

ನನ್ನ ಮೊಳಕೈ ಹತ್ತಿರ, ಗೋಡಿ ಮ್ಯಾಲ,
ಡಬ್ಬು ಹಾಕಿದ ಕೊಣಮಿಗಿ
ಬಿಸಿಲಿಗೆ ಒಣಗಾಕ ಹತ್ತಿತ್ತು.