ಗೇಟ್ ಕೀಪರ್ ತರಬೇತಿ

ಕಾಗದ ನೋಡಿ ನಗು ಬಂತು.
ಗೇಟ್ ಕೀಪರ್ ತರಬೇತಿ, ಅರ್ಧ ದಿನ,
ದಾವಣಗೆರೆ ಜಿಲ್ಲಾ ಆಸ್ಪತ್ರೆ, ಊಟದ ವ್ಯವಸ್ಥೆ ಇದೆ.
ಇಪ್ಪತ್ತೆರಡು ವರ್ಷದಿಂದ ಗೇಟು ಹಾಕಿ ತೆಗೆಯುವವನಿಗೆ
ಇನ್ನು ಕಲಿಸುವವರು ಯಾರಪ್ಪ?

ಹೋಗಿ ನೋಡಿದರೆ ರೈಲಿನವನು ನಾನೊಬ್ಬನೇ.
ಆಶಾ ಕಾರ್ಯಕರ್ತೆಯರು, ಹಾಸ್ಟೆಲ್ ವಾರ್ಡನ್ನು,
ಗೊಬ್ಬರದಂಗಡಿಯವರು, ನಿಟ್ಟುವಳ್ಳಿಯ ಕ್ಷೌರಿಕ, ಒಬ್ಬ ಮೌಲ್ವಿ.
ಯಾವ ಗುಮಾಸ್ತ ಹೆಸರು ನೋಡಿ
ಸ್ಟೇಷನ್ನಿಗೂ ಒಂದು ಪ್ರತಿ ಕಳಿಸಿದನೋ.
ಹಾಜರಿ ಬರೆಯುತ್ತ ಸಿಸ್ಟರ್ ನೀಲಾಂಬಿಕಾ ಕೇಳಿದರು: ವೃತ್ತಿ?
ಗೇಟ್ ಕೀಪರ್, ಅಂದೆ.
ಅದು ಸಂಜೆ ಆಗ್ತೀರ್ರೀ, ಈಗ ಏನು ಹೇಳ್ರಿ, ಅಂದರು.
ಹಾಲುಕ್ಕಿದಂತೆ ಉಕ್ಕಿತು ಕೋಣೆ.

ಕಲಿಸಿದ್ದು ಹೆಚ್ಚೇನಿಲ್ಲ.
ಬುದ್ಧಿ ಹೇಳಬೇಡಿ.
ಮಕ್ಕಳ ಮುಖ ನೋಡು, ಮರ್ಯಾದೆ ಏನಾದೀತು,
ಇಂಥವಕ್ಕೆಲ್ಲ ಬಾಯಿಗೆ ಬೀಗ.
ನೇರ ಕೇಳಿ. ಆಮೇಲೆ ಸುಮ್ಮನಿರಿ.
ಸುಮ್ಮನಿರುವುದನ್ನು ಜೋಡಿ ಮಾಡಿ ಅಭ್ಯಾಸ ಮಾಡಿಸಿದರು.
ನನ್ನ ಜೋಡಿ ಕ್ಷೌರಿಕ, ಪಾಪ, ಎರಡು ನಿಮಿಷಕ್ಕೇ ಬೆವತ.
ನನಗೆ ಕಷ್ಟವಾಗಲಿಲ್ಲ.
ಗುಮಟಿಯಲ್ಲಿ ರಾತ್ರಿ ಪಾಳಿ ಅಂದರೆ ಮತ್ತೇನು?

ಶ್ರಾವಣದ ಒಂದು ಸೋಮವಾರ, ಹನ್ನೊಂದೂ ಮುಕ್ಕಾಲು.
ಈ ಕಡೆ ಎರಡು ಬೈಕು, ಆ ಕಡೆ ಮೆಕ್ಕೆಜೋಳದ ಲಾರಿ.
ಹಾಕಿದ ಗೇಟಿನ ಕೆಳಗೆ ತಲೆ ಬಗ್ಗಿಸಿ ಬಂದವನೊಬ್ಬ
ದಾಟಲಿಲ್ಲ.
ದಾಟುವವರನ್ನು ಬೈದು ಬೈದು ನನ್ನ ಗಂಟಲು ಕೆಟ್ಟಿದೆ.
ದಾಟದೆ ನಿಂತವನಿಗೆ ಏನಂತ ಬೈಯಲಿ?
ಹತ್ತಿರ ಹೋದೆ. ಅಂಗಿಯಲ್ಲಿ ಭತ್ತದ ಹೊಟ್ಟು ಸುಟ್ಟ ವಾಸನೆ,
ರೆಪ್ಪೆಯ ಮೇಲೆ ಬೂದಿ. ಮಂಡಕ್ಕಿ ಭಟ್ಟಿಯವನು.

"ಏನ್ ಸಾಹೇಬ್ರೆ?"
"ಗಾಳಿಗೆ ಬಂದೆ."
"ಸಾಯ್ಬೇಕು ಅನ್ನಿಸ್ತೈತಾ?"
ಇಷ್ಟು ನೇರವಾಗಿ ನಾನು ಯಾರನ್ನೂ,
ಕಟ್ಟಿಕೊಂಡವಳನ್ನೂ, ಏನನ್ನೂ ಕೇಳಿದವನಲ್ಲ.
ಅವನು ತಿರುಗಿ ನೋಡಿದ,
ತುಂಬಿದ ಸಂತೆಯಲ್ಲಿ ಯಾರೋ
ಬಾಲ್ಯದ ಅಡ್ಡಹೆಸರು ಹಿಡಿದು ಕೂಗಿದ ಹಾಗೆ.
"ಹ್ಞೂಂ."

ತಿರುವಿನಲ್ಲಿ ಗೂಡ್ಸು ಕೂಗಿತು.
ದೀಪ ತೋರಿಸಬೇಕು, ಫೋನು ಹಚ್ಚಬೇಕು,
ಅವನ ತೋಳು ಬಿಡಬಾರದು. ದೇವರು ಕೊಟ್ಟ ಕೈ ಎರಡೇ.
ಗುಮಟಿಯ ಮೆಟ್ಟಿಲ ಮೇಲೆ ಕೂರಿಸಿ
ಹಸಿರು ದೀಪ ಅವನಿಗೇ ಕೊಟ್ಟೆ.
"ಅಲುಗಾಡಿಸ್ಬ್ಯಾಡ್ರಿ, ಡ್ರೈವರು ನಿಮ್ಮನ್ನೇ ನೋಡ್ತಾನೆ."
ನಿಯಮದ ಪ್ರಕಾರ ತಪ್ಪು. ಬರೆದುಕೊಳ್ಳಲಿ.
ಅದಿರಿನ ಐವತ್ತೆಂಟು ಡಬ್ಬಿ ಮುಗಿಯುವ ತನಕ
ಎರಡೂ ಕೈಯಲ್ಲಿ ಹಿಡಿದಿದ್ದ,
ಬಿಸಿ ಚಹಾದ ಲೋಟ ಹಿಡಿದಂತೆ.

ಸಿಸ್ಟರ್ ಬರೆಸಿದ ನಂಬರು ಗೋಡೆಯ ಮೇಲಿತ್ತು,
ಸ್ಟೇಷನ್ ಮಾಸ್ಟರ ನಂಬರಿನ ಕೆಳಗೆ, ಸೀಮೆಸುಣ್ಣದಲ್ಲಿ.
ಆ ಕಡೆಯ ಹೆಣ್ಣುದನಿ ಹೆಸರು ಕೇಳಿತು.
"ಜಬೀವುಲ್ಲಾ ಬಿನ್ ಖಾಜಾ ಮೊಹಿದ್ದೀನ್",
ರೇಷನ್ ಅಂಗಡಿಯಲ್ಲಿ ಹೇಳುವಂತೆ ಪೂರ್ತಿ ಹೇಳಿದ.
ಮುಂದಿನದು ನನ್ನ ಕಿವಿಗಲ್ಲವೆಂದು
ಕಣ್ಣು ಅವನ ಮೇಲಿಟ್ಟೇ ಗೇಟು ಎತ್ತಲು ಹೋದೆ.
ಆ ಹಿಡಿಕೆಯನ್ನು ಅಷ್ಟು ನಿಧಾನ ಎಂದೂ ತಿರುಗಿಸಿಲ್ಲ.
ಲಾರಿಯವನು ಹಾರನ್ ಹೊಡೆದೇ ಹೊಡೆದ.

ಬೆಳಿಗ್ಗೆ ಪಾಳಿ ಒಪ್ಪಿಸಿ ಆಟೋದಲ್ಲಿ ಜೊತೆಗೆ ಹೋದೆ.
ಬಾಗಿಲ ಮೇಲಿನ ಬೋರ್ಡು ಓದಿ ಅವನು ಒಳಗೆ ಬರಲೊಲ್ಲ.
ಪಕ್ಕದ ಕಣ್ಣಿನ ವಿಭಾಗದ ಬೆಂಚಿನಲ್ಲಿ ಕೂತ,
ಗುರುತಿನವರು ಕಂಡರೆ ಕಣ್ಣು ಅನ್ನಬಹುದು.
ಸಿಸ್ಟರ್ ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತರು.
ಮುಕ್ಕಾಲು ಗಂಟೆ. ಯಾರೂ ಅವರಿಗೆ ಅವಸರ ಮಾಡಲಿಲ್ಲ,
ಜಾಡಮಾಲಿ ಮಾತ್ರ ಒಮ್ಮೆ ಕಾಲೆತ್ತಿ ಅಂದಳು.
ಎರಡು ಥರದ ಮಾತ್ರೆಯಲ್ಲಿ ಒಂದು ಇತ್ತು,
ಇನ್ನೊಂದು ಬರುವ ವಾರ.

ಈಗ ಕೆಲವು ವಾರ ಹೋಗುತ್ತಾನೆ, ಕೆಲವು ವಾರ ಹೋಗುವುದಿಲ್ಲ.
ಹೋಗದ ವಾರ ಸಿಸ್ಟರೇ ಭಟ್ಟಿಗೆ ಬರುತ್ತಾರೆ,
ಒಂದು ಸೇರು ಮಂಡಕ್ಕಿ ಕೊಳ್ಳುವವರ ಹಾಗೆ.
ಅಂಡರ್‌ಪಾಸ್ ಆದರೆ ನನ್ನ ಗೇಟು ಹೋಗುತ್ತದಂತೆ.
ಜನಕ್ಕೆ ಒಳ್ಳೆಯದೇ.
ಗೋಡೆಯ ಆ ನಂಬರನ್ನು ಮಾತ್ರ
ಎಲ್ಲಿ ಬರೆಯುವುದೋ ತಿಳಿಯದು.

ಮೊನ್ನೆ ಮನೆಯಲ್ಲಿ ಚಪ್ಪಲಿ ಬಿಡುತ್ತ ಕೇಳಿದೆ:
"ನೀನು ಹೆಂಗಿದೀಯ?"
ಆಕೆ ಒಲೆ ಆರಿಸಿ ಬಂದು ಎದುರಿಗೆ ಕೂತಳು.
ನಾನು ಸುಮ್ಮನಿದ್ದೆ.
ಇನ್ನೂ ಹೇಳುತ್ತಿದ್ದಾಳೆ.